ಜೀಪಿನ ಟೈರು: ಸೇನೆಯ ಅಳತೆಯಿಂದ ಮಾಲೀಕರ ಆಯ್ಕೆಯವರೆಗೆ

ಎಂಜಿನ್ನಿನ ಶಕ್ತಿ ನಾಲ್ಕೂ ಗಾಲಿಗಳಿಗೆ ಹರಿಯುವ ವಾಹನಕ್ಕೆ, ಅಂದರೆ ಫೋರ್ ವೀಲ್ ಡ್ರೈವ್ ಗಾಡಿಗೆ, ಸವೆದ ಟೈರಿನ ಬದಲು ಯಾವ ಟೈರು ಹಾಕಿಸಬೇಕೆಂಬುದು ಇಂದು ಮಾಲೀಕರ ವಿವೇಚನೆಗೆ ಬಿಟ್ಟ ವಿಷಯವಾಗಿದ್ದರೂ, ಭಾರತದಲ್ಲಿ ಈ ಸ್ವಾತಂತ್ರ್ಯ ತೀರ ಈಚಿನದು. ಎರಡನೆಯ ಮಹಾಯುದ್ಧದ ಕಾಲದಲ್ಲಿ ವಿಲ್ಲಿಸ್ ಮತ್ತು ಫೋರ್ಡ್ ಕಂಪನಿಗಳು ಸೇನೆಗಾಗಿ ಆರು ಲಕ್ಷಕ್ಕೂ ಹೆಚ್ಚು ಜೀಪುಗಳನ್ನು ತಯಾರಿಸಿದವು. ಆ ಜೀಪುಗಳಿಗೆ ಗೊತ್ತುಮಾಡಿದ 6.00-16 ಎಂಬ ಅಳತೆಯೇ, ಅಂದರೆ ಸುಮಾರು ಆರು ಅಂಗುಲ ಅಗಲವಿದ್ದು ಹದಿನಾರು ಅಂಗುಲ ವ್ಯಾಸದ ರಿಮ್ಮಿಗೆ ಕೂರುವ ಟೈರೇ, ಯುದ್ಧ ಮುಗಿದ ಮೇಲೂ ದಶಕಗಳ ಕಾಲ ಜೀಪಿನ ಟೈರೆನಿಸಿಕೊಂಡಿತು. 1948ರಲ್ಲಿ ಇಂಗ್ಲೆಂಡಿನಲ್ಲಿ ಹೊರಬಂದ ಮೊದಲ ಲ್ಯಾಂಡ್ ರೋವರ್ ಕೂಡ ಇದೇ ಅಳತೆಯ ಟೈರಿನ ಮೇಲೆ ಓಡಿತು.

ಸೇನೆಯ ಟೈರಿನ ಮೇಲ್ಮೈಗೂ ಅದರದೇ ಲಕ್ಷಣವಿತ್ತು. ನೆಲಕ್ಕೆ ತಾಗುವ ರಬ್ಬರಿನ ಉಬ್ಬುಗಳು, ಅಂದರೆ ಕರ್ನಾಟಕದ ಗ್ಯಾರೇಜುಗಳಲ್ಲಿ ‘ಬಟನ್’ ಎನ್ನುವ ಭಾಗ, ಅಡ್ಡಡ್ಡಲಾಗಿ ದಪ್ಪ ಪಟ್ಟಿಗಳಂತೆ ಇದ್ದುದರಿಂದ ಗಾಡಿ ಮುಂದಕ್ಕೆ ಹೋದರೂ ಹಿಂದಕ್ಕೆ ಸರಿದರೂ ಹಿಡಿತ ಒಂದೇ ಆಗಿರುತ್ತಿತ್ತು. ಸಡಿಲ ಮಣ್ಣಿನಲ್ಲಿಯೂ ಕಲ್ಲುದಾರಿಯಲ್ಲಿಯೂ ಇದು ಉಪಕಾರಿಯಾದರೂ, ಟಾರು ರಸ್ತೆಯಲ್ಲಿ ಈ ಪಟ್ಟಿಗಳು ಗುಂಯ್‌ಗುಡುತ್ತಿದ್ದವು, ಬೇಗ ಸವೆಯುತ್ತಿದ್ದವು, ಮಳೆಯಲ್ಲಿ ಜಾರುತ್ತಿದ್ದವು. 1942ರ ಆರಂಭದಲ್ಲಿ ಮಲಯ ಮತ್ತು ಡಚ್ ಈಸ್ಟ್ ಇಂಡೀಸ್ ಜಪಾನಿನ ವಶವಾಗಿ ಅಮೆರಿಕಕ್ಕೆ ಬರುತ್ತಿದ್ದ ನೈಸರ್ಗಿಕ ರಬ್ಬರಿನ ಸುಮಾರು ಶೇ. 90ರಷ್ಟು ನಿಂತುಹೋಯಿತು; ಯುದ್ಧಕಾಲದಲ್ಲಿ ಆ ದೇಶದಲ್ಲಿ ಮೊಟ್ಟಮೊದಲು ಪಡಿತರಕ್ಕೆ ಒಳಪಟ್ಟ ವಸ್ತು ಟೈರೇ ಆಗಿತ್ತು. ಕೃತಕ ರಬ್ಬರಿನ ಕಾರ್ಖಾನೆಗಳು ಎದ್ದು ನಿಂತದ್ದೂ ಆ ಅಭಾವದಿಂದಲೇ.

ಮುಂಬಯಿಯಲ್ಲಿ ಮಹೀಂದ್ರ ಸಂಸ್ಥೆ 1947ರಲ್ಲಿ ವಿಲ್ಲಿಸ್ ಜೀಪುಗಳನ್ನು ಜೋಡಿಸತೊಡಗಿತು. ಮುಂದೆ ಈ ಗಾಡಿ ಕೊಡಗು, ಚಿಕ್ಕಮಗಳೂರು, ಸಕಲೇಶಪುರಗಳ ಕಾಫಿ ತೋಟಗಳಿಗೆ ಏರಿದಾಗ ಅದರೊಡನೆ ಸೇನೆಯ ಅಳತೆಯೂ ಬಂದಿತು. ಹುಗ್ಲಿ ದಡದ ಸಾಹಾಗಂಜ್‌ನಲ್ಲಿ 1936ರಿಂದಲೇ ಡನ್‌ಲಪ್ ಕಾರ್ಖಾನೆಯಿದ್ದರೂ ದೇಶದಲ್ಲಿ ತಯಾರಕರು ಬೆರಳೆಣಿಕೆಯಷ್ಟಿದ್ದ ಆ ಕಾಲದಲ್ಲಿ, ಟೈರು ಆಯುವುದೆಂದರೆ ಸಿಕ್ಕಿದ್ದನ್ನು ಕೊಳ್ಳುವುದು ಅಥವಾ ಇದ್ದದ್ದನ್ನೇ ರೀಬಟನ್ ಮಾಡಿಸುವುದು, ಇವೆರಡರ ನಡುವಿನ ಆಯ್ಕೆಯಾಗಿತ್ತು. ಸವೆದ ಬಟನ್ನನ್ನು ಉಜ್ಜಿ ತೆಗೆದು, ಒಳಗಿನ ನೂಲಿನ ಪದರ ಗಟ್ಟಿಯಾಗಿದೆಯೇ ಎಂದು ಬೆರಳಿನಿಂದ ಒತ್ತಿ ನೋಡಿ, ಹೊಸ ರಬ್ಬರಿನ ಪಟ್ಟಿಯನ್ನು ಅಂಟಿಸಿ, ಅಚ್ಚಿನೊಳಗೆ ಕಾಯಿಸಿ ಬೆಸೆಯುವ ಈ ಕೆಲಸಕ್ಕೆ ಎಷ್ಟು ಬೇಡಿಕೆಯಿತ್ತೆಂದರೆ, ಮದ್ರಾಸಿನ ಎಂ.ಆರ್.ಎಫ್. ಸಂಸ್ಥೆ 1952ರಲ್ಲಿ, ಟೈರಿಗೂ ಮೊದಲು, ತಯಾರಿಸತೊಡಗಿದ್ದು ಈ ಪಟ್ಟಿಯ ರಬ್ಬರನ್ನು; ಅದು ಪೂರ್ಣ ಟೈರಿನ ತಯಾರಿಕೆಗೆ ಇಳಿದದ್ದು 1961ರಲ್ಲಿ. ರೀಬಟನ್ ಅಂಗಡಿಯ ಕೆಲಸಗಾರರ ಕೈಚಳಕವಿಲ್ಲದೆ ಮಲೆನಾಡಿನ ಜೀಪು ಬಹುಶಃ ಅಷ್ಟು ಕಾಲ ಬಾಳುತ್ತಿರಲಿಲ್ಲ. ಟೈರಿನ ಚರಿತ್ರೆ ಬರೆಯುವವರು ಅವರನ್ನು ಮರೆಯಬಾರದು. ಮಳೆಗಾಲದ ಕೆಸರಿಗೆ ಆ ಬಟನ್ನೂ ಸಾಲದೆ ಹೋದಾಗ ಗಾಲಿಗೆ ಕಬ್ಬಿಣದ ಚೈನು ಕಟ್ಟಿ ಗಾಡಿಯನ್ನು ಏರಿಸುವ ರೂಢಿ ಮಲೆನಾಡಿನಲ್ಲಿ ಇಂದಿಗೂ ಉಳಿದಿದೆ.

ಆಯ್ಕೆಯ ಬಾಗಿಲು ನಿಜವಾಗಿ ತೆರೆದದ್ದು ರೇಡಿಯಲ್ ಟೈರಿನಿಂದ. ಹಳೆಯ ಕ್ರಾಸ್‌ಪ್ಲೈ ಟೈರಿನಲ್ಲಿ ನೂಲಿನ ಪದರಗಳು ಒಂದಕ್ಕೊಂದು ಓರೆಯಾಗಿ ಹಾಯ್ದು ತಳಕ್ಕೂ ಪಕ್ಕದ ಗೋಡೆಗೂ ಒಂದೇ ಬಿಗಿ ಕೊಡುತ್ತವೆ. ಫ್ರಾನ್ಸಿನ ಮಿಶೆಲಿನ್ 1946ರಲ್ಲಿ ಪೇಟೆಂಟ್ ಪಡೆದು 1949ರಲ್ಲಿ ಮಾರುಕಟ್ಟೆಗೆ ತಂದ ರೇಡಿಯಲ್‌ನಲ್ಲಾದರೋ ನೂಲುಗಳು ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ನೇರವಾಗಿ ಹಾಯುತ್ತವೆ, ಬಟನ್ನಿನ ಅಡಿಯಲ್ಲಿ ಉಕ್ಕಿನ ತಂತಿಯ ಪಟ್ಟಿಯಿರುತ್ತದೆ, ಗೋಡೆ ಮಾತ್ರ ಮೆದುವಾಗಿ ಬಾಗುತ್ತದೆ. ಇದರಿಂದ ಬಾಳಿಕೆಯೂ ಟಾರು ರಸ್ತೆಯ ಹಿಡಿತವೂ ಹೆಚ್ಚಿದವು. ಆದರೆ ಚೂಪುಗಲ್ಲಿಗೆ ಗೋಡೆ ಸೀಳುವ ಭಯವೂ ಹೊಸದಾಗಿ ಸೇರಿಕೊಂಡಿತು. ಜೆ.ಕೆ. ಟೈರ್ 1977ರಲ್ಲಿ ಭಾರತಕ್ಕೆ ರೇಡಿಯಲ್ ತಂದಿತು.

ಇದೇ ಅವಧಿಯಲ್ಲಿ ಅಮೆರಿಕದಲ್ಲಿ ಬಟನ್ನಿನ ಮಾದರಿಗಳೂ ಕವಲೊಡೆದವು. ಬಿ.ಎಫ್. ಗುಡ್‌ರಿಚ್ 1976ರಲ್ಲಿ ಆಲ್ ಟೆರೇನ್ ರೇಡಿಯಲ್ಲನ್ನೂ 1980ರಲ್ಲಿ ಮಡ್ ಟೆರೇನ್ ರೇಡಿಯಲ್ಲನ್ನೂ ತಂದಿತು. ಮೊದಲನೆಯದು ಟಾರು ಮತ್ತು ಮಣ್ಣು ಎರಡಕ್ಕೂ ಹೊಂದುವ ಮಧ್ಯಮ ಮಾದರಿ. ಎರಡನೆಯದರಲ್ಲಿ ಉಬ್ಬುಗಳ ನಡುವಿನ ಸಂದು ಅಗಲವಾಗಿದ್ದು, ಗಾಲಿ ತಿರುಗಿದಂತೆ ಮೆತ್ತಿದ ಕೆಸರು ಸಿಡಿದು ಹೋಗುತ್ತದೆ. ಸಾದಾ ರಸ್ತೆಯ ಹೈವೇ ಟೆರೇನ್ ಮೂರನೆಯ ಬಗೆ. ಎಚ್.ಟಿ., ಎ.ಟಿ., ಎಂ.ಟಿ. ಎಂದು ಇಂದು ಭಾರತದ ಅಂಗಡಿಗಳಲ್ಲಿಯೂ ಕೇಳಿಬರುವ ಹೆಸರುಗಳು ಇವೇ.

ಆಯ್ಕೆ ಹೆಚ್ಚಿದಂತೆ ತಪ್ಪಿಗೂ ದಾರಿ ಹೆಚ್ಚಿತು, ಮುಖ್ಯವಾಗಿ ಅಳತೆಯ ವಿಷಯದಲ್ಲಿ. 215/75 ಆರ್ 15 ಎಂಬ ಬರಹದಲ್ಲಿ 215 ಎಂಬುದು ಮಿಲಿಮೀಟರಿನಲ್ಲಿ ಅಗಲ, 75 ಎಂಬುದು ಆ ಅಗಲದ ಶೇಕಡಾವಾರಿನಲ್ಲಿ ಗೋಡೆಯ ಎತ್ತರ, 15 ಎಂಬುದು ಅಂಗುಲದಲ್ಲಿ ರಿಮ್ಮಿನ ವ್ಯಾಸ. ಲೆಕ್ಕ ಹಾಕಿದರೆ ಇದರ ಒಟ್ಟು ವ್ಯಾಸ ಸುಮಾರು 704 ಮಿ.ಮೀ.; ಗಾಡಿ ದಷ್ಟಪುಷ್ಟವಾಗಿ ಕಾಣಲೆಂದು ಹಲವರು ಹಾಕಿಸುವ 235/75 ಆರ್ 15ರದು ಸುಮಾರು 734 ಮಿ.ಮೀ. ಮೂವತ್ತು ಮಿ.ಮೀ. ಅಲ್ಪವೆನಿಸಿದರೂ, ಮೀಟರು ಗಂಟೆಗೆ 80 ಕಿ.ಮೀ. ತೋರಿಸುವಾಗ ಗಾಡಿಯ ವೇಗ ಮೊದಲಿಗಿಂತ ಸುಮಾರು 3 ಕಿ.ಮೀ. ಹೆಚ್ಚಿರುತ್ತದೆ, ಎಂಜಿನ್ನಿನ ಎಳೆತ ಅಷ್ಟರಮಟ್ಟಿಗೆ ಕುಗ್ಗುತ್ತದೆ, ಗಾಲಿ ತಿರುಗಿಸುವಾಗ ಮಡ್‌ಗಾರ್ಡಿಗೆ ತಾಗುವುದೂ ಉಂಟು. ಇದಕ್ಕಿಂತ ಗಂಭೀರವಾದ ದೋಷ ಮುಂದಿನ ಮತ್ತು ಹಿಂದಿನ ಗಾಲಿಗಳ ಅಳತೆ ಬೇರೆಯಾಗುವುದು. ಜೀಪಿನ ಪರಂಪರೆಯ ಗಾಡಿಗಳಲ್ಲಿ ಫೋರ್ ವೀಲ್ ಹಾಕಿದೊಡನೆ ಮುಂದಿನ ಮತ್ತು ಹಿಂದಿನ ಶಾಫ್ಟುಗಳು ಒಂದೇ ವೇಗಕ್ಕೆ ಬಿಗಿಯಲ್ಪಡುವುದರಿಂದ, ಹಿಂದೆ ಹೊಸ ಟೈರು, ಮುಂದೆ ಪೂರ್ತಿ ಸವೆದ ಟೈರು ಇದ್ದರೆ ಆ ಸುತ್ತಳತೆಯ ವ್ಯತ್ಯಾಸವೆಲ್ಲ ಗೇರುಗಳ ಮೇಲೆ ಬೀಳುತ್ತದೆ. ಕೆಸರಿನಲ್ಲಿ ಗಾಲಿ ಜಾರಿ ಆ ಒತ್ತಡ ಸಡಿಲವಾಗುತ್ತದೆ, ಗಟ್ಟಿ ರಸ್ತೆಯಲ್ಲಿ ಆ ಅವಕಾಶವಿರುವುದಿಲ್ಲ.

2020ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ಟೈರಿನ ಆಮದನ್ನು ನಿರ್ಬಂಧಿತ ಪಟ್ಟಿಗೆ ಸೇರಿಸಿದ ಮೇಲೆ ವಿದೇಶಿ ಎಂ.ಟಿ. ಟೈರುಗಳ ಹಾದಿ ಬಿಗಿಯಾಗಿ, ದೇಶೀ ಮಾದರಿಗಳ ಕಡೆಗೆ ಗಮನ ಹೆಚ್ಚಿತು. ಹಳೆಯ ದಾಸ್ತಾನು ಕೈಗೆ ಬರದಂತೆ ನೋಡಿಕೊಳ್ಳಲು ಗೋಡೆಯ ಮೇಲಿನ ನಾಲ್ಕು ಅಂಕಿಗಳಿವೆ: 2319 ಎಂದಿದ್ದರೆ ಅದು 2019ರ 23ನೆಯ ವಾರದಲ್ಲಿ ತಯಾರಾದ ಟೈರು. ವರ್ಷದ ಬಹುಪಾಲು ಟಾರು ರಸ್ತೆಯಲ್ಲಿ ಓಡಿ, ಮಳೆಗಾಲದಲ್ಲಿ ಮಾತ್ರ ತೋಟದ ದಾರಿ ಹತ್ತುವ ಗಾಡಿಗೆ ಎಂ.ಟಿ. ಟೈರು ಅನಗತ್ಯ, ತಯಾರಕರು ಸೂಚಿಸಿದ ಅಳತೆಯ ಎ.ಟಿ. ಟೈರನ್ನು ಸ್ಟೆಪ್ನಿಯೂ ಸೇರಿ ಐದೂ ಗಾಲಿಗಳಿಗೆ ಒಟ್ಟಿಗೇ ಹಾಕಿಸುವುದು ಯೋಗ್ಯ.