ವಿಜಯಪುರದಲ್ಲಿ ಸ್ಥಳೀಯ ಸ್ವರಾಜ್ಯ

1651ರಲ್ಲಿ ಮಹಮ್ಮದ್ ಆದಿಲ್ ಶಹನು ವಿಜಯಪುರಕ್ಕೆ ನೀರೊದಗಿಸಲು ಬೇಗಂ ತಲಾಬನ್ನು ಕಟ್ಟಿಸಿದನು. ಆಗ ನೀರು ಅರಸನ ಔದಾರ್ಯವಾಗಿದ್ದಿತು. ಅದರ ಲೆಕ್ಕ ಕೇಳುವ ಅಧಿಕಾರ ಪ್ರಜೆಗಿರಲಿಲ್ಲ. ಊರಿನ ಆಡಳಿತದಲ್ಲಿ ಪೌರರಿಗೂ ಪಾಲಿರಬೇಕೆಂದು ರಿಪನ್ ಪ್ರಭುವಿನ 1882ರ ನಿರ್ಣಯವು ಸಾರಿತು. 1993ರಲ್ಲಿ ಜಾರಿಗೆ ಬಂದ ಸಂವಿಧಾನದ 73 ಮತ್ತು 74ನೆಯ ತಿದ್ದುಪಡಿಗಳು ಈ ತತ್ತ್ವಕ್ಕೆ ಭದ್ರವಾದ ತಳಹದಿಯನ್ನೊದಗಿಸಿದುವು.

2022ರಲ್ಲಿ ನಗರದ 35 ವಾರ್ಡುಗಳ ಮತದಾರರು ಮಹಾನಗರ ಪಾಲಿಕೆಗೆ ಸದಸ್ಯರನ್ನಾರಿಸಿದರು. ನೆರೆಯ ತಿಕೋಟಾ, ಬಬಲೇಶ್ವರಗಳು 2018ರಲ್ಲಿ ಪ್ರತ್ಯೇಕ ತಾಲ್ಲೂಕುಗಳಾದುವು. ತಹಶೀಲ್ದಾರರ ಕಚೇರಿ ಜನರಿಗೆ ಹತ್ತಿರವಾಯಿತು. ಆದರೆ ರಾಜ್ಯದ ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲಿ ತೀರಿದ ಮೇಲೆ ವರ್ಷಗಟ್ಟಲೆ ಚುನಾವಣೆ ನಡೆಯಲಿಲ್ಲ.

ಅಧಿಕಾರಿಯು ಎಷ್ಟೇ ದಕ್ಷನಾಗಿದ್ದರೂ ತನ್ನ ಮೇಲಧಿಕಾರಿಗೆ ಲೆಕ್ಕ ಒಪ್ಪಿಸತಕ್ಕವನು. ಮತದಾರನಿಗೆ ಉತ್ತರ ಹೇಳಬೇಕಾದವನು ಚುನಾಯಿತ ಸದಸ್ಯನೊಬ್ಬನೇ. ಆ ಪೀಠವು ಬರಿದಾಗಿರುವಷ್ಟು ಕಾಲವೂ ಊರಿನ ನೀರು, ಬೀದಿ, ದೀಪಗಳು ಮತ್ತೆ ಯಾರದೋ ಔದಾರ್ಯವೇ ಆಗಿ ಉಳಿಯುವುವು.