ಬ್ರೂಸ್ ಲೀ ನಡೆದ ಬೆಟ್ಟ

ನಮ್ಮೂರು ತಡಸ. ಹುಬ್ಬಳ್ಳಿಯಿಂದ ಬಂದ ಬಸ್ಸು ನಮ್ಮ ಕ್ರಾಸಿನಲ್ಲಿ ಮುಂಡಗೋಡದ ಕಡೆ ಹೊರಳುತ್ತದೆ. 1966ರಲ್ಲಿ ಮುಂಡಗೋಡದಲ್ಲಿ ಟಿಬೆಟನ್ ಕ್ಯಾಂಪ್ ಆದಾಗಿನಿಂದ ಆ ಬಸ್ಸುಗಳಲ್ಲಿ ಲಾಮಾಗಳದೂ ಓಡಾಟ. ತಲೆ ಬೋಳಿಸಿದ ಸನ್ಯಾಸಿಗೆ ಕುಂಗ್‌ಫೂ ಬಂದೇ ಬರುತ್ತದೆ ಎಂದು ನಂಬಿದ್ದ ನಾವು ಹುಡುಗರು ಕಿಟಕಿಯ ಕೆಳಗೆ ನಿಂತು ‘ಬ್ರೂಸ್ ಲೀ!’ ಎಂದು ಕೂಗಿ ಗಾಳಿಗೆ ಒದೆಯುತ್ತಿದ್ದೆವು. ಅವರು ನಕ್ಕು ಸುಮ್ಮನಾಗುತ್ತಿದ್ದರು.

ಹಾಂಗ್‌ಕಾಂಗಿಗೆ ಬಂದು ಇಷ್ಟು ವರ್ಷವಾದ ಮೇಲೆ, ಹೋದ ಭಾನುವಾರ ಬ್ರೂಸ್ ಲೀ ಸಿನಿಮಾದ ‘ಶಾವೊಲಿನ್’ ಮಠ ನೋಡಿ ಬಂದೆ. ನಿಜವಾದ ಶಾವೊಲಿನ್ ಇರುವುದು ಚೀನಾದ ಹೆನಾನ್‌ನಲ್ಲಿ. ಆ ಸಿನಿಮಾ ‘ಎಂಟರ್ ದಿ ಡ್ರ್ಯಾಗನ್’ನ ಚಿತ್ರೀಕರಣ ನಡೆದಾಗ ಅಲ್ಲಿ ಸಾಂಸ್ಕೃತಿಕ ಕ್ರಾಂತಿಯ ಕಾಲ. ಹಾಂಗ್‌ಕಾಂಗ್ ಬ್ರಿಟಿಷರ ಕೈಯಲ್ಲಿತ್ತು. ಹಾಗಾಗಿ ತ್ಯೂನ್ ಮುನ್‌ನ ಚಿಂಗ್ ಶಾನ್ ಮಠವೇ ತೆರೆಯ ಮೇಲೆ ಶಾವೊಲಿನ್ ಆಯಿತು. ಚಂದ್ರನ ಕಡೆ ಬೆರಳು ಮಾಡಿ ಶಿಷ್ಯನಿಗೆ ಪಾಠ ಹೇಳುವ ಗುರು, ಬೆರಳನ್ನೇ ನೋಡುತ್ತ ನಿಂತ ಹುಡುಗನ ತಲೆಗೊಂದು ಏಟು: ಆ ದೃಶ್ಯ ಇಲ್ಲಿಯದು. 1973ರ ಜುಲೈ 20ರಂದು ಬ್ರೂಸ್ ಲೀ ಇದೇ ಹಾಂಗ್‌ಕಾಂಗಿನಲ್ಲಿ ತೀರಿಕೊಂಡಾಗ ವಯಸ್ಸು 32. ಚಿತ್ರ ತೆರೆಕಂಡಿದ್ದು ಆಮೇಲೆ.

ಲೈಟ್ ರೈಲು ಇಳಿದು ಅರ್ಧ ತಾಸು ಏರು ಹತ್ತಬೇಕು. ಮೊದಲು ಎದುರಾಗುವುದು 1929ರ ಕಲ್ಲಿನ ಮಹಾದ್ವಾರ. ಅದರ ಮೇಲಿನ ಚೀನೀ ಅಕ್ಷರಗಳು ಆಗಿನ ಗವರ್ನರ್ ಸೆಸಿಲ್ ಕ್ಲೆಮೆಂಟಿಯವರ ಕೈಬರಹ. ಕ್ಯಾಂಟೊನೀಸ್ ಬಲ್ಲ ಇಂಗ್ಲಿಷ್ ಸಾಹೇಬರು ಅವರು. ‘ಪರಿಮಳದ ಕಡಲಿನ ಹೆಸರಾಂತ ಬೆಟ್ಟ’ ಎಂದು ಅದರ ಅರ್ಥ. ಒಳಗೆ ಊದುಬತ್ತಿಯ ಹೊಗೆ, ಹಸಿರು ಪಾಚಿ ಹಿಡಿದ ಮೆಟ್ಟಿಲು. ಮಗಳು ಅಂಗಳದಲ್ಲಿ ಕಾಲೆತ್ತಿ ಒದೆಯುವ ಭಂಗಿಯಲ್ಲಿ ನಿಂತಳು, ನಾನು ಫೋಟೊ ತೆಗೆದೆ.

ಕಸ ಗುಡಿಸುತ್ತಿದ್ದ ಅಜ್ಜಿಯೊಬ್ಬರು ಅದನ್ನು ನೋಡಿ ಎರಡು ಮುಷ್ಟಿ ಎತ್ತಿ ತೋರಿಸಿದರು: ಬ್ರೂಸ್ ಲೀ? ನಾಚಿಕೊಂಡು ತಲೆಯಾಡಿಸಿದೆ. ಪೊರಕೆ ಗೋಡೆಗೆ ಒರಗಿಸಿ, ಮಠದ ಹಿಂದಿನ ಬಂಡೆಯ ಕಡೆ ಬೆರಳು ಮಾಡಿದರು.

ಈ ಸಲ ನಾನು ಬೆರಳು ನೋಡುತ್ತ ನಿಲ್ಲಲಿಲ್ಲ. ಬಂಡೆಯ ಗುಹೆಯಲ್ಲಿ ಪುಯಿ ತೋ ಎಂಬ ಸನ್ಯಾಸಿಯ ಮೂರ್ತಿಯಿದೆ. ಐದನೇ ಶತಮಾನದಲ್ಲಿ ಈ ಬೆಟ್ಟದಲ್ಲಿದ್ದನಂತೆ. ಕಟ್ಟಿಗೆಯ ಬಟ್ಟಲಲ್ಲಿ ಕೂತು ಹೊಳೆ ದಾಟುತ್ತಿದ್ದನಂತೆ. ಕೆಳಗೆ ಒಂದು ರೈಲು ನಿಲ್ದಾಣಕ್ಕೂ ಅವನದೇ ಹೆಸರು; ಎಷ್ಟೋ ಸಲ ಅದನ್ನು ದಾಟಿ ಹೋಗಿದ್ದೇನೆ, ಯಾರ ಹೆಸರೆಂದು ಕೇಳಿರಲಿಲ್ಲ.

‘ಬಟ್ಟಲಲ್ಲಿ ಹ್ಯಾಂಗ ಕೂತಾನಪ್ಪಾ?’ ಎಂದಳು ಮಗಳು.

‘ನಮ್ಮ ವರದಾ ಹೊಳಿ ದಾಟಾಕ ಹರಿಗೋಲು ಇರತಿದ್ದಿಲ್ಲೇನವ್ವಾ, ಹಂಗ’ ಎಂದೆ.