ಸಿನಿಶಾ ಮಿಹಾಯ್ಲೊವಿಚ್

ಸಿನಿಶಾ ಮಿಹಾಯ್ಲೊವಿಚ್ (೨೦ ಫೆಬ್ರುವರಿ ೧೯೬೯ – ೧೬ ಡಿಸೆಂಬರ್ ೨೦೨೨) ಸರ್ಬಿಯಾದ ಪ್ರಸಿದ್ಧ ಫುಟ್‌ಬಾಲ್ ಆಟಗಾರರು ಮತ್ತು ತರಬೇತುದಾರರು. ಎಡಗಾಲಿನಿಂದ ಒದೆಯುತ್ತಿದ್ದ ಪ್ರಬಲ ಫ್ರೀ ಕಿಕ್‌ಗಳಿಂದ ಅವರು ಖ್ಯಾತರಾಗಿದ್ದರು. ಇಟಲಿಯ ಅಗ್ರ ಲೀಗ್ ಆದ ಸೀರೀ ಎ ಪಂದ್ಯಾವಳಿಯಲ್ಲಿ ನೇರ ಫ್ರೀ ಕಿಕ್‌ಗಳಿಂದ ೨೮ ಗೋಲುಗಳನ್ನು ಗಳಿಸಿದ ದಾಖಲೆಯನ್ನು ಅವರು ಆಂಡ್ರೆಯಾ ಪಿರ್ಲೊ ಅವರೊಂದಿಗೆ ಹಂಚಿಕೊಂಡಿದ್ದಾರೆ.

ಆರಂಭಿಕ ಜೀವನ

ಮಿಹಾಯ್ಲೊವಿಚ್ ಅವರು ಅಂದಿನ ಯುಗೊಸ್ಲಾವಿಯಾಕ್ಕೆ ಸೇರಿದ್ದ, ಇಂದು ಕ್ರೊವೇಷಿಯಾದಲ್ಲಿರುವ ವುಕೊವಾರ್ ನಗರದಲ್ಲಿ ಜನಿಸಿದರು. ತಂದೆ ಸರ್ಬ್ ಜನಾಂಗದವರು, ತಾಯಿ ಕ್ರೊವಾಟ್ ಜನಾಂಗದವರು. ಪಾದರಕ್ಷೆ ಕಾರ್ಖಾನೆಗೆ ಹೆಸರಾದ ಸಮೀಪದ ಬೊರೊವೊದಲ್ಲಿ ಅವರು ಬೆಳೆದರು. ಅಲ್ಲಿನ ಸ್ಥಳೀಯ ತಂಡದಲ್ಲಿಯೇ ಆಟ ಆರಂಭಿಸಿದರು. ೧೯೯೧ರಲ್ಲಿ ಯುಗೊಸ್ಲಾವಿಯಾ ಒಡೆದು ಯುದ್ಧ ಆರಂಭವಾದಾಗ ವುಕೊವಾರ್ ಪ್ರದೇಶವು ಭೀಕರ ಮುತ್ತಿಗೆಗೆ ಒಳಗಾಯಿತು. ಬೊರೊವೊದಲ್ಲಿದ್ದ ಅವರ ಮನೆಯೂ ನಾಶವಾಯಿತು. ಎರಡು ಜನಾಂಗಗಳ ಸಂಬಂಧವಿದ್ದ ಈ ಕುಟುಂಬಕ್ಕೆ ಯುದ್ಧವು ಮನೆಯೊಳಗಿನ ಬಿರುಕೂ ಆಗಿತ್ತು.

ಆಟಗಾರರಾಗಿ

೧೯೮೮ರಲ್ಲಿ ನೊವಿ ಸಾದ್ ನಗರದ ವೊಯ್ವೊದಿನಾ ತಂಡವನ್ನು ಸೇರಿದ ಅವರು, ಮೊದಲ ಋತುವಿನಲ್ಲಿಯೇ ಯುಗೊಸ್ಲಾವ್ ಲೀಗ್ ಪ್ರಶಸ್ತಿ ಗೆದ್ದ ತಂಡದ ಸದಸ್ಯರಾದರು. ಬಳಿಕ ಬೆಲ್‌ಗ್ರೇಡ್‌ನ ರೆಡ್ ಸ್ಟಾರ್ ತಂಡಕ್ಕೆ ಸೇರ್ಪಡೆಯಾದರು. ೧೯೯೧ರ ಏಪ್ರಿಲ್‌ನಲ್ಲಿ ನಡೆದ ಯುರೋಪಿಯನ್ ಕಪ್ (ಇಂದಿನ ಚಾಂಪಿಯನ್ಸ್ ಲೀಗ್) ಸೆಮಿಫೈನಲ್‌ನ ಎರಡನೆಯ ಪಂದ್ಯದಲ್ಲಿ ಅವರು ಜರ್ಮನಿಯ ಬಯರ್ನ್ ಮ್ಯೂನಿಕ್ ವಿರುದ್ಧ ಫ್ರೀ ಕಿಕ್ ಮೂಲಕ ಗೋಲು ಹೊಡೆದರು. ಪಂದ್ಯದ ಕೊನೆಯ ಕ್ಷಣಗಳಲ್ಲಿ ಅವರು ಒದ್ದ ಚೆಂಡು ಎದುರಾಳಿ ಆಟಗಾರನಿಗೆ ತಗುಲಿ ಗೋಲಾಗಿ, ರೆಡ್ ಸ್ಟಾರ್ ತಂಡವು ಫೈನಲ್ ತಲುಪಿತು. ಮೇ ೨೯ರಂದು ಇಟಲಿಯ ಬಾರಿ ನಗರದಲ್ಲಿ ನಡೆದ ಫೈನಲ್ ಗೋಲಿಲ್ಲದೆ ಮುಗಿಯಿತು. ಪೆನಾಲ್ಟಿ ಒದೆತಗಳಲ್ಲಿ ರೆಡ್ ಸ್ಟಾರ್ ಫ್ರಾನ್ಸಿನ ಮಾರ್ಸೆ ತಂಡವನ್ನು ೫–೩ರಿಂದ ಸೋಲಿಸಿತು. ನಾಲ್ಕನೆಯ ಪೆನಾಲ್ಟಿಯನ್ನು ಮಿಹಾಯ್ಲೊವಿಚ್ ಗೋಲಾಗಿಸಿದ್ದರು.

೧೯೯೨ರಲ್ಲಿ ಇಟಲಿಗೆ ತೆರಳಿ ರೋಮಾ, ಸಾಂಪ್ಡೋರಿಯಾ, ಲಾಜಿಯೊ ಹಾಗೂ ಇಂಟರ್ ಮಿಲಾನ್ ತಂಡಗಳಲ್ಲಿ ೨೦೦೬ರವರೆಗೆ ಆಡಿದರು. ಮೊದಲು ಎಡಬದಿಯ ಆಟಗಾರರಾಗಿದ್ದ ಅವರನ್ನು ಸಾಂಪ್ಡೋರಿಯಾದಲ್ಲಿ ತರಬೇತುದಾರ ಸ್ವೆನ್ ಗೊರಾನ್ ಎರಿಕ್ಸನ್ ಅವರು ರಕ್ಷಣಾ ಸಾಲಿನ ಮಧ್ಯಕ್ಕೆ ತಂದರು. ೧೯೯೮ರ ಡಿಸೆಂಬರ್ ೧೩ರಂದು ಲಾಜಿಯೊ ಪರವಾಗಿ ತಮ್ಮ ಹಿಂದಿನ ತಂಡ ಸಾಂಪ್ಡೋರಿಯಾ ವಿರುದ್ಧ ಒಂದೇ ಪಂದ್ಯದಲ್ಲಿ ಮೂರು ಫ್ರೀ ಕಿಕ್ ಗೋಲುಗಳನ್ನು ಗಳಿಸಿದರು. ಲಾಜಿಯೊ ತಂಡದೊಡನೆ ೧೯೯೯ರ ಕಪ್ ವಿನ್ನರ್ಸ್ ಕಪ್ ಹಾಗೂ ೧೯೯೯–೨೦೦೦ರ ಸೀರೀ ಎ ಪ್ರಶಸ್ತಿಗಳನ್ನು ಗೆದ್ದರು.

ರಾಷ್ಟ್ರೀಯ ತಂಡ

೧೯೯೧ರಿಂದ ೨೦೦೩ರವರೆಗೆ ಯುಗೊಸ್ಲಾವಿಯಾ ಪರವಾಗಿ ೬೩ ಪಂದ್ಯಗಳಲ್ಲಿ ೧೦ ಗೋಲು ಗಳಿಸಿದರು. ಯುದ್ಧದ ಕಾರಣ ವಿಶ್ವಸಂಸ್ಥೆಯು ನಿರ್ಬಂಧ ವಿಧಿಸಿದ್ದರಿಂದ ಯುಗೊಸ್ಲಾವಿಯಾ ೧೯೯೨ರ ಯುರೋಪಿಯನ್ ಚಾಂಪಿಯನ್‌ಷಿಪ್‌ನಿಂದ ಹೊರಗುಳಿಯಬೇಕಾಯಿತು. ೧೯೯೮ರ ವಿಶ್ವಕಪ್‌ನಲ್ಲಿ ಇರಾನ್ ವಿರುದ್ಧದ ಪಂದ್ಯದ ಏಕೈಕ ಗೋಲು ಅವರದೇ ಫ್ರೀ ಕಿಕ್‌ನಿಂದ ಬಂದಿತು.

ವಿವಾದಗಳು

ಮಿಹಾಯ್ಲೊವಿಚ್ ಅವರ ಮುಂಗೋಪವು ಹಲವು ವಿವಾದಗಳಿಗೆ ಕಾರಣವಾಯಿತು. ೨೦೦೦ದಲ್ಲಿ ಆರ್ಸೆನಲ್ ತಂಡದ ಪ್ಯಾಟ್ರಿಕ್ ವಿಯೆರಾ ಅವರನ್ನು ಜನಾಂಗೀಯವಾಗಿ ನಿಂದಿಸಿದ್ದಕ್ಕಾಗಿ ಅವರಿಗೆ ನಿಷೇಧ ವಿಧಿಸಲಾಯಿತು. ಅನಂತರ ಅವರು ಮೈದಾನದಲ್ಲಿಯೇ ಸಾರ್ವಜನಿಕವಾಗಿ ಕ್ಷಮೆ ಕೋರಿದರು. ೨೦೦೩ರಲ್ಲಿ ಚೆಲ್ಸಿ ತಂಡದ ಆಡ್ರಿಯನ್ ಮುಟು ಅವರ ಮೇಲೆ ಉಗುಳಿದ ಕಾರಣ ಎಂಟು ಪಂದ್ಯಗಳ ನಿಷೇಧಕ್ಕೆ ಒಳಗಾದರು. ಸರ್ಬ್ ಅರೆಸೈನಿಕ ಪಡೆಯ ನಾಯಕ ಅರ್ಕಾನ್ ಜೊತೆಗಿನ ಅವರ ಸ್ನೇಹವೂ ತೀವ್ರ ಟೀಕೆಗೆ ಗುರಿಯಾಗಿತ್ತು.

ತರಬೇತುದಾರರಾಗಿ

೨೦೦೬ರಲ್ಲಿ ಇಂಟರ್ ತಂಡದಲ್ಲಿ ರಾಬರ್ಟೊ ಮಾಂಚಿನಿ ಅವರ ಸಹಾಯಕರಾದರು. ೨೦೦೮ರಲ್ಲಿ ಬೊಲೊನ್ಯಾ ತಂಡದ ಹೊಣೆ ಹೊತ್ತು, ಬಳಿಕ ಕತಾನಿಯಾ ಮತ್ತು ಫಿಯೊರೆಂಟಿನಾ ತಂಡಗಳನ್ನು ನಡೆಸಿದರು. ೨೦೧೨ರಲ್ಲಿ ಸರ್ಬಿಯಾ ರಾಷ್ಟ್ರೀಯ ತಂಡದ ತರಬೇತುದಾರರಾದಾಗ, ರಾಷ್ಟ್ರಗೀತೆ ಹಾಡದ ಆಡೆಮ್ ಲ್ಯಾಯಿಚ್ ಅವರನ್ನು ತಂಡದಿಂದ ಮನೆಗೆ ಕಳುಹಿಸಿದ್ದು ದೊಡ್ಡ ಚರ್ಚೆಯಾಯಿತು. ೨೦೧೪ರ ವಿಶ್ವಕಪ್ ಅರ್ಹತಾ ಸುತ್ತಿನಲ್ಲಿ ಸರ್ಬಿಯಾ ಮತ್ತು ಕ್ರೊವೇಷಿಯಾ ಒಂದೇ ಗುಂಪಿನಲ್ಲಿದ್ದವು. ೨೦೧೩ರ ಮಾರ್ಚ್‌ನಲ್ಲಿ ಜಾಗ್ರೆಬ್‌ನಲ್ಲಿ ನಡೆದ ಪಂದ್ಯವನ್ನು ಕ್ರೊವೇಷಿಯಾ ೨–೦ರಿಂದ ಗೆದ್ದಿತು. ಆಗ ಎದುರಾಳಿ ತಂಡದ ತರಬೇತುದಾರರಾಗಿದ್ದವರು ಮುಂದೆ ಭಾರತ ತಂಡಕ್ಕೂ ತರಬೇತಿ ನೀಡಿದ ಇಗೊರ್ ಸ್ಟಿಮಾಚ್. ೧೯೯೧ರ ಯುಗೊಸ್ಲಾವ್ ಕಪ್ ಫೈನಲ್‌ನಲ್ಲಿ ಇವರಿಬ್ಬರೂ ಕೆಂಪು ಕಾರ್ಡ್ ಪಡೆದು ಮೈದಾನದಿಂದ ಹೊರನಡೆದಿದ್ದರು.

೨೦೧೩ರಿಂದ ೨೦೧೫ರವರೆಗೆ ಸಾಂಪ್ಡೋರಿಯಾದಲ್ಲಿದ್ದ ಅವರು ಅನಂತರ ಎ.ಸಿ. ಮಿಲಾನ್ ತಂಡಕ್ಕೆ ಬಂದರು. ಅಲ್ಲಿ ೧೬ ವರ್ಷದ ಗೋಲ್‌ಕೀಪರ್ ಜಾನ್‌ಲುಯಿಜಿ ಡೊನ್ನರುಮ್ಮಾ ಅವರನ್ನು ೨೦೧೫ರ ಅಕ್ಟೋಬರ್‌ನಲ್ಲಿ ಮೊದಲ ಬಾರಿಗೆ ಕಣಕ್ಕಿಳಿಸಿದರು. ಮುಂದೆ ಟೊರಿನೊ ತಂಡದಲ್ಲಿಯೂ ಕಾರ್ಯನಿರ್ವಹಿಸಿದರು.

ಅನಾರೋಗ್ಯ ಮತ್ತು ನಿಧನ

೨೦೧೯ರ ಜನವರಿಯಲ್ಲಿ, ಕೆಳ ಲೀಗ್‌ಗೆ ಕುಸಿಯುವ ಅಪಾಯದಲ್ಲಿದ್ದ ಬೊಲೊನ್ಯಾ ತಂಡಕ್ಕೆ ಮರಳಿದ ಅವರು ಅದನ್ನು ಋತುವಿನ ಅಂತ್ಯಕ್ಕೆ ಹತ್ತನೆಯ ಸ್ಥಾನಕ್ಕೆ ಏರಿಸಿದರು. ಅದೇ ವರ್ಷದ ಜುಲೈನಲ್ಲಿ ತಮಗೆ ರಕ್ತದ ಕ್ಯಾನ್ಸರ್ (ಲ್ಯುಕೇಮಿಯಾ) ಇರುವುದನ್ನು ಪ್ರಕಟಿಸಿದರು. ಅವರು ಗುಣಮುಖರಾಗಲೆಂದು ಅಭಿಮಾನಿಗಳು ಬೊಲೊನ್ಯಾದ ಬೆಟ್ಟದ ಮೇಲಿರುವ ಸಾನ್ ಲೂಕಾ ದೇವಾಲಯಕ್ಕೆ ಕಾಲ್ನಡಿಗೆಯಲ್ಲಿ ಯಾತ್ರೆ ಕೈಗೊಂಡರು. ಚಿಕಿತ್ಸೆ ನಡೆಯುತ್ತಿದ್ದಾಗಲೇ ಆಗಸ್ಟ್ ೨೫ರಂದು ವೆರೋನಾದಲ್ಲಿ ನಡೆದ ಪಂದ್ಯಕ್ಕೆ ಅವರು ಹಾಜರಾದರು. ಆ ಬಳಿಕ ಅಸ್ಥಿಮಜ್ಜೆ ಕಸಿಗೆ ಒಳಗಾಗಿ, ಮತ್ತೆ ತಂಡವನ್ನು ಮುನ್ನಡೆಸಿದರು. ೨೦೨೨ರ ಮಾರ್ಚ್‌ನಲ್ಲಿ ರೋಗ ಮರುಕಳಿಸುವ ಲಕ್ಷಣಗಳು ಕಂಡುಬಂದವು. ಋತುವಿನ ಆರಂಭದ ಐದು ಪಂದ್ಯಗಳಲ್ಲಿ ಗೆಲುವು ದೊರೆಯದ ಕಾರಣ ಸೆಪ್ಟೆಂಬರ್‌ನಲ್ಲಿ ಕ್ಲಬ್ ಅವರನ್ನು ಹುದ್ದೆಯಿಂದ ಬಿಡುಗಡೆಗೊಳಿಸಿತು. ಅದೇ ವರ್ಷದ ಡಿಸೆಂಬರ್ ೧೬ರಂದು ರೋಮ್ ನಗರದಲ್ಲಿ, ತಮ್ಮ ೫೩ನೆಯ ವಯಸ್ಸಿನಲ್ಲಿ ಅವರು ನಿಧನ ಹೊಂದಿದರು.